ನಾಲೆ ಕಾಮಗಾರಿಯಲ್ಲಿ ತಡ, ಬಂಡೆ, ಜಲ್ಲಿ: ಕ್ಲೇಮನ್ನು ಯಾವಾಗ, ಹೇಗೆ ಎತ್ತಬೇಕು?

ಸೈಟ್ ಇಂಜಿನಿಯರ್, ಮಂಡ್ಯ

ಎಲ್ಲರಿಗೂ ನಮಸ್ಕಾರ. ಮಂಡ್ಯ ಜಿಲ್ಲೆಯ ಒಂದು ಶಾಖಾ ನಾಲೆಯ ಆಧುನೀಕರಣ ಕಾಮಗಾರಿಯನ್ನು ನಮ್ಮ ಸಂಸ್ಥೆ ನಿರ್ವಹಿಸುತ್ತಿದೆ. ಹೂಳು ತೆಗೆಯುವುದು, ದಂಡೆ ಕಟ್ಟುವುದು, ಕಾಂಕ್ರೀಟ್ ಲೈನಿಂಗ್ (ನಾಲೆಯ ಒಳಮೈಗೆ ಕಾಂಕ್ರೀಟ್ ಹೊದಿಕೆ), ತೂಬುಗಳ ಪುನರ್ನಿರ್ಮಾಣ ಮತ್ತು ಎರಡು ಸಣ್ಣ ಸೇತುವೆಗಳು ಇದರಲ್ಲಿ ಸೇರಿವೆ. ಕಾರ್ಯಾದೇಶದ ಪ್ರಕಾರ ಅವಧಿ 11 ತಿಂಗಳು. ಆದರೆ ಲೈನಿಂಗ್ ಕೆಲಸ ನಡೆಯುವುದು ನಾಲೆಯಲ್ಲಿ ನೀರು ನಿಲ್ಲಿಸಿದ ಅವಧಿಯಲ್ಲಿ ಮಾತ್ರ ಎಂಬುದು ಈ ಭಾಗದಲ್ಲಿ ಕೆಲಸ ಮಾಡಿದವರಿಗೆಲ್ಲ ಗೊತ್ತಿರುವ ಸಂಗತಿ.

ಈಗ ಮೂರು ತೊಡಕುಗಳು ಒಟ್ಟಿಗೆ ಬಂದಿವೆ. ಎಡದಂಡೆಯ ಮೇಲಿರುವ ವಿದ್ಯುತ್ ಕಂಬಗಳೂ ಮರಗಳೂ ತೆರವಾಗದೆ ಸುಮಾರು ಅರ್ಧ ಕಿಲೋಮೀಟರ್ ಭಾಗ ನಮ್ಮ ಕೈಗೆ ತಡವಾಗಿ ಬಂತು. ಇನ್ನೊಂದು ಕಡೆ ಅಂದಾಜು ಪಟ್ಟಿಯಲ್ಲಿ ಕೇವಲ ಮಣ್ಣು ಎಂದು ತೋರಿಸಿದ್ದ ತಳದಲ್ಲಿ ಗಟ್ಟಿ ಬಂಡೆ ಸಿಕ್ಕಿದೆ. ಜೊತೆಗೆ ನಾವು ದರ ಹಾಕುವಾಗ ನಂಬಿದ್ದ ಜಲ್ಲಿ ಕ್ವಾರಿ ನಿಂತುಹೋಗಿ, ಈಗ ಬಹಳ ದೂರದಿಂದ ಜಲ್ಲಿ ತರಿಸಬೇಕಾಗಿದೆ. ಸ್ಥಳದಲ್ಲಿರುವ ಅಧಿಕಾರಿಗಳು ಒಳ್ಳೆಯವರೇ. ‘ಮೊದಲು ಕೆಲಸ ಮುಗಿಸಿ, ಫೈನಲ್ ಬಿಲ್‌ನಲ್ಲಿ ನೋಡೋಣ’ ಎನ್ನುತ್ತಾರೆ. ನಮ್ಮ ಮಾಲೀಕರೂ ಅದೇ ಧೋರಣೆಯಲ್ಲಿದ್ದಾರೆ.

ನನಗೆ ಈ ಭರವಸೆ ಸಾಲದು ಎನಿಸುತ್ತಿದೆ. ಇಂತಹ ಸಂದರ್ಭದಲ್ಲಿ ಗುತ್ತಿಗೆದಾರ ತನ್ನ ಕ್ಲೇಮನ್ನು, ಅಂದರೆ ಹೆಚ್ಚುವರಿ ಹಣ ಅಥವಾ ಸಮಯ ಕೇಳುವ ಹಕ್ಕನ್ನು, ಕಾಪಾಡಿಕೊಳ್ಳುವುದು ಹೇಗೆ? ಇಲಾಖೆಯ ಕಡೆಯವರೂ ಇಲ್ಲಿದ್ದರೆ, ವಿವಾದವಾಗದಂತೆ ತಾವು ಏನನ್ನು ನಿರೀಕ್ಷಿಸುತ್ತೀರಿ ಎಂಬುದನ್ನೂ ದಯವಿಟ್ಟು ತಿಳಿಸಿ.

ನಿವೃತ್ತ ಕಾರ್ಯಪಾಲಕ ಇಂಜಿನಿಯರ್, ಮೈಸೂರು

ನಿಮ್ಮ ಅನುಮಾನ ಸರಿಯಾಗಿದೆ. ‘ಫೈನಲ್ ಬಿಲ್‌ನಲ್ಲಿ ನೋಡೋಣ’ ಎಂದ ಅಧಿಕಾರಿ ಸುಳ್ಳು ಹೇಳುತ್ತಿಲ್ಲ, ಆದರೆ ಫೈನಲ್ ಬಿಲ್ ಬರುವ ಹೊತ್ತಿಗೆ ಅವರು ಆ ಉಪವಿಭಾಗದಲ್ಲಿ ಇರುತ್ತಾರೆ ಎಂಬ ಖಾತ್ರಿ ಯಾರಿಗೂ ಇಲ್ಲ. ವರ್ಗಾವಣೆಯಾಗಿ ಬಂದ ಹೊಸಬರ ಮುಂದೆ ಇರುವುದು ಕಡತ ಒಂದೇ. ಕಡತದಲ್ಲಿ ಇಲ್ಲದ ಬಂಡೆಗೆ ಅವರು ಹಣ ಬರೆಯಲಾರರು. ಬರೆದರೆ ಲೆಕ್ಕಪರಿಶೋಧನೆಯವರು ಅವರ ಸಂಬಳದಿಂದ ವಸೂಲಿಗೆ ಶಿಫಾರಸು ಮಾಡುತ್ತಾರೆ.

ಗುತ್ತಿಗೆದಾರರು ಸಾಮಾನ್ಯವಾಗಿ ಗಮನಿಸದ ಒಂದು ವಿಷಯವನ್ನು ಇಲ್ಲಿ ಹೇಳಬೇಕು. ಸ್ಥಳದಲ್ಲಿರುವ ಎಇ (ಸಹಾಯಕ ಇಂಜಿನಿಯರ್) ಅಥವಾ ಎಇಇ (ಸಹಾಯಕ ಕಾರ್ಯಪಾಲಕ ಇಂಜಿನಿಯರ್) ಹೆಚ್ಚುವರಿ ಐಟಂಗೆ ಮಂಜೂರಾತಿ ಕೊಡುವ ಅಧಿಕಾರ ಹೊಂದಿರುವುದಿಲ್ಲ. ಅವರು ವರ್ಕ್‌ಸ್ಲಿಪ್ (ಅಂದಾಜಿಗಿಂತ ಬದಲಾದ ಕೆಲಸದ ಪಟ್ಟಿ) ತಯಾರಿಸಿ ಮೇಲಕ್ಕೆ ಕಳುಹಿಸಬೇಕು, ಮೊತ್ತಕ್ಕೆ ತಕ್ಕಂತೆ ಅದು ವಿಭಾಗ, ವೃತ್ತ, ಮುಖ್ಯ ಇಂಜಿನಿಯರ್ ಕಚೇರಿಯವರೆಗೆ ಹೋಗಬೇಕು, ಮತ್ತು ಪ್ರತಿ ಹಂತದಲ್ಲಿಯೂ ಕೇಳುವ ಮೊದಲ ಪ್ರಶ್ನೆ ‘ಇದು ಅಂದಾಜಿನಲ್ಲಿ ಏಕೆ ಇರಲಿಲ್ಲ, ಯಾವ ದಿನ ಗೊತ್ತಾಯಿತು’ ಎಂಬುದೇ ಆಗಿರುತ್ತದೆ. ಆ ಪ್ರಶ್ನೆಗೆ ಉತ್ತರ ನಿಮ್ಮ ಪತ್ರ. ನೀವು ಬರೆಯದಿದ್ದರೆ ಅಧಿಕಾರಿಗೆ ವರ್ಕ್‌ಸ್ಲಿಪ್ ಶುರು ಮಾಡಲು ಆಧಾರವೇ ಇರುವುದಿಲ್ಲ. ಆದ್ದರಿಂದ ಪತ್ರ ಬರೆಯುವುದು ಅಧಿಕಾರಿಯ ಮೇಲಿನ ದೂರು ಎಂದು ತಿಳಿಯಬೇಡಿ. ಅದು ಅವರಿಗೂ ರಕ್ಷಣೆ.

ಪತ್ರ ಹೇಗಿರಬೇಕು ಎಂಬುದಕ್ಕೆ ಒಂದು ಮಾದರಿ ಕೊಡುತ್ತೇನೆ. ನನ್ನ ಮೇಜಿಗೆ ಬರುತ್ತಿದ್ದ ಪತ್ರಗಳಲ್ಲಿ ‘ನಿಮ್ಮ ಇಲಾಖೆಯ ನಿರ್ಲಕ್ಷ್ಯದಿಂದ ನಮಗೆ ಅಪಾರ ನಷ್ಟವಾಗಿದೆ’ ಎಂಬಂಥವು ಬಹಳ ಇರುತ್ತಿದ್ದವು, ಅವುಗಳಿಂದ ಏನೂ ಸಾಬೀತಾಗುತ್ತಿರಲಿಲ್ಲ. ಕೆಲಸಕ್ಕೆ ಬರುವ ಪತ್ರ ಹೀಗಿರುತ್ತದೆ (ಚೈನೇಜ್ ಎಂದರೆ ನಾಲೆಯ ಆರಂಭದಿಂದ ಅಳೆದ ದೂರ):

‘ಚೈನೇಜ್ 4,200 ಮೀ.ನಿಂದ 4,650 ಮೀ.ವರೆಗಿನ ಎಡದಂಡೆಯಲ್ಲಿ 11 ವಿದ್ಯುತ್ ಕಂಬಗಳು ಈ ದಿನದವರೆಗೂ ಸ್ಥಳಾಂತರಗೊಂಡಿರುವುದಿಲ್ಲ. ಅನುಮೋದಿತ ಕಾರ್ಯಯೋಜನೆಯಂತೆ ಈ ಭಾಗದ ದಂಡೆ ಕೆಲಸವು ಇದೇ ತಿಂಗಳ 5ರಂದು ಆರಂಭವಾಗಬೇಕಿತ್ತು. ಇದಕ್ಕೆಂದು ತಂದಿರುವ ಒಂದು ಹಿಟಾಚಿ ಮತ್ತು ಮೂರು ಟಿಪ್ಪರ್‌ಗಳ ಪೈಕಿ ಎರಡು ಟಿಪ್ಪರ್‌ಗಳನ್ನು ಬೇರೆ ಭಾಗಕ್ಕೆ ಕಳುಹಿಸಲಾಗಿದೆ. ಹಿಟಾಚಿ ಹಾಗೂ ಒಂದು ಟಿಪ್ಪರ್ ಕೆಲಸವಿಲ್ಲದೆ ನಿಂತಿವೆ. ಈ ಅಡಚಣೆಯನ್ನು ಅಡಚಣೆ ರಿಜಿಸ್ಟರ್‌ನಲ್ಲಿ ದಾಖಲಿಸಲು ಕೋರುತ್ತೇವೆ. ಒಪ್ಪಂದದ ಪ್ರಕಾರ ದೊರೆಯಬೇಕಾದ ಕಾಲಾವಧಿ ವಿಸ್ತರಣೆ ಮತ್ತು ವೆಚ್ಚದ ಹಕ್ಕನ್ನು ಕಾಯ್ದಿರಿಸಿದ್ದೇವೆ.’

ಎರಡು ಟಿಪ್ಪರ್‌ಗಳನ್ನು ಬೇರೆಡೆಗೆ ಕಳುಹಿಸಿದ್ದನ್ನು ನೀವೇ ಬರೆದಿರುವುದನ್ನು ಗಮನಿಸಿ. ಅದನ್ನು ಓದಿದವರಿಗೆ ಉಳಿದ ಮಾತೂ ನಿಜ ಎನಿಸುತ್ತದೆ. ನಷ್ಟವನ್ನು ಕಡಿಮೆ ಮಾಡಲು ಪ್ರಯತ್ನಿಸಿದ್ದೀರಿ ಎಂಬುದಕ್ಕೂ ಅದೇ ಸಾಕ್ಷಿ. ಪತ್ರವನ್ನು ಟಪಾಲು ಶಾಖೆಯಲ್ಲಿ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ, ಅದೇ ದಿನ ಇ-ಮೇಲ್ ಕೂಡ ಮಾಡಿ. ಎಇಇ ಅವರ ವಾಟ್ಸಾಪ್‌ಗೆ ಫೋಟೋ ಕಳುಹಿಸಿ ಸುಮ್ಮನಿರುವುದು ಸಾಲದು.

ಇನ್ನು ನಾಲೆಯ ವಿಷಯ. ಇಲ್ಲಿ ಎರಡು ವಾರದ ತಡ ಎರಡು ವಾರಕ್ಕೇ ನಿಲ್ಲುವುದಿಲ್ಲ. ನೀರು ಯಾವಾಗ ಬಿಡಬೇಕೆಂಬುದನ್ನು ನೀರಾವರಿ ಸಲಹಾ ಸಮಿತಿ ಜಲಾಶಯದ ಮಟ್ಟ ನೋಡಿ ತೀರ್ಮಾನಿಸುತ್ತದೆ. 2023ರಲ್ಲಿ ಮಳೆ ಕೈಕೊಟ್ಟು ಕೃಷ್ಣರಾಜಸಾಗರ ತುಂಬಲಿಲ್ಲ, 2024ರಲ್ಲಿ ಜುಲೈ ತಿಂಗಳಲ್ಲೇ ತುಂಬಿತು. ಹೀಗೆ ವರ್ಷದಿಂದ ವರ್ಷಕ್ಕೆ ಕೆಲಸದ ಕಿಟಕಿ ಬದಲಾಗುತ್ತದೆ. ನೀರು ಬಿಟ್ಟ ಮೇಲೆ ಉಳಿದ ಲೈನಿಂಗ್ ಮುಂದಿನ ನಿಲುಗಡೆಗೆ ಹೋಗುತ್ತದೆ. ಕಂಬಗಳ ತಡದಿಂದ ನೀವು ಕಳೆದುಕೊಂಡದ್ದು ಒಂದು ಹಂಗಾಮು ಎಂಬುದನ್ನು ಮೊದಲ ಪತ್ರದಲ್ಲಿಯೇ ಸ್ಪಷ್ಟವಾಗಿ ಎಚ್ಚರಿಸಬೇಕು. ನೀರು ಬಿಟ್ಟ ನಂತರ ಬರೆದರೆ ಅದು ನೆಪದಂತೆ ಕಾಣುತ್ತದೆ.

ಬಿಲ್ಲಿಂಗ್ ವಿಭಾಗ, ಮೈಸೂರು

ನಿವೃತ್ತ ಸರ್ ಅವರ ಮಾತಿಗೆ ಬಂಡೆಯ ವಿಷಯವನ್ನು ಸೇರಿಸುತ್ತೇನೆ, ಏಕೆಂದರೆ ನಾನು ನೋಡಿದ ಹೆಚ್ಚಿನ ಕ್ಲೇಮುಗಳು ಬಿದ್ದುಹೋಗುವುದು ಇಲ್ಲಿಯೇ. ತಡವನ್ನು ನಂತರವೂ ಪತ್ರಗಳಿಂದ ತೋರಿಸಬಹುದು. ಬಂಡೆಯನ್ನು ಒಡೆದು ತೆಗೆದು, ಮೇಲೆ ಕಾಂಕ್ರೀಟ್ ಹಾಕಿದ ಮೇಲೆ ಅಲ್ಲಿ ಬಂಡೆ ಇತ್ತೆಂದು ತೋರಿಸಲು ಏನೂ ಉಳಿಯುವುದಿಲ್ಲ.

ಮಣ್ಣು ಮುಗಿದು ಬಂಡೆ ಕಾಣಿಸಿದ ಕೂಡಲೇ ಆ ಭಾಗದಲ್ಲಿ ಕೆಲಸ ನಿಲ್ಲಿಸಿ, ಮೇಲ್ಮೈಯನ್ನು ಸ್ವಚ್ಛ ಮಾಡಿಸಿ, ಇಲಾಖೆಯ ಇಂಜಿನಿಯರ್ ಸಮ್ಮುಖದಲ್ಲಿ ಬಂಡೆಯ ಮೇಲ್ಮಟ್ಟದ ಲೆವೆಲ್ (ಎತ್ತರದ ಅಳತೆ) ತೆಗೆದುಕೊಳ್ಳಬೇಕು. ಬೆಂಚ್ ಮಾರ್ಕ್ (ಎತ್ತರ ಅಳೆಯಲು ಆಧಾರವಾದ ಸ್ಥಿರ ಗುರುತು) ಯಾವುದು, ಉಪಕರಣದ ಎತ್ತರ ಎಷ್ಟು, ಎಷ್ಟು ಮೀಟರ್ ಅಂತರದಲ್ಲಿ ಅಡ್ಡ ಸೀಳು ನೋಟ ತೆಗೆದಿರಿ ಎಂಬುದೆಲ್ಲ ಲೆವೆಲ್ ಪುಸ್ತಕದಲ್ಲಿ ಇರಬೇಕು. ಪ್ರತಿ ಪುಟಕ್ಕೂ ಎರಡೂ ಕಡೆಯವರ ಸಹಿ ಬೇಕು. ಬಂಡೆ ತೆಗೆದ ನಂತರ ಅದೇ ಬಿಂದುಗಳಲ್ಲಿ ಮತ್ತೆ ಲೆವೆಲ್ ತೆಗೆದರೆ ಎರಡರ ವ್ಯತ್ಯಾಸವೇ ನಿಮ್ಮ ಪರಿಮಾಣ. ಇಷ್ಟು ಮಾಡಿದರೆ ವಾದಕ್ಕೆ ಉಳಿಯುವುದು ದರ ಮಾತ್ರ.

ಗಟ್ಟಿ ಬಂಡೆಯೋ ಮೆದು ಬಂಡೆಯೋ ಎಂಬ ವರ್ಗೀಕರಣ ಇನ್ನೊಂದು ಜಗಳ. ಹಿಟಾಚಿಯ ಬಕೆಟ್‌ಗೆ ಬರುತ್ತದೆಯೇ, ಬ್ರೇಕರ್ ಹಾಕಬೇಕಾಯಿತೇ, ಸಿಡಿಸಬೇಕಾಯಿತೇ ಎಂಬುದರ ಮೇಲೆ ಅದು ನಿಲ್ಲುತ್ತದೆ. ಬ್ರೇಕರ್ ಎಷ್ಟು ಗಂಟೆ ಓಡಿತು ಎಂಬ ಲಾಗ್ ಪುಸ್ತಕ, ಡೀಸೆಲ್ ಚೀಟಿ, ಮೇಸ್ತ್ರಿಯ ದಿನಚರಿ ಮೂರೂ ಒಂದಕ್ಕೊಂದು ಹೊಂದಬೇಕು. ಲಾಗ್ ಪುಸ್ತಕದಲ್ಲಿ ಎಂಟು ಗಂಟೆ ಬ್ರೇಕರ್ ಓಡಿದೆ ಎಂದಿದ್ದು, ಆ ದಿನದ ಡೀಸೆಲ್ ಎರಡು ಗಂಟೆಗೂ ಸಾಲದಷ್ಟಿದ್ದರೆ, ಒಳ್ಳೆಯ ಕ್ಲೇಮೂ ಆ ಒಂದು ಪುಟದಿಂದ ಕೆಡುತ್ತದೆ. ಒಡೆದ ಕಲ್ಲನ್ನು ರಾಶಿ ಹಾಕಿ ಅಳೆಯುವ ಪದ್ಧತಿಯೂ ಇದೆ. ಆಗ ರಾಶಿಯ ನಡುವಿನ ಪೊಳ್ಳಿಗಾಗಿ ನಿಮ್ಮ ಒಪ್ಪಂದದ ನಿರ್ದಿಷ್ಟತೆಯಲ್ಲಿ ಹೇಳಿದಷ್ಟು ಕಳೆಯಬೇಕಾಗುತ್ತದೆ. ಆ ಕಲ್ಲನ್ನು ನೀವು ಪಿಚಿಂಗ್‌ಗೆ (ದಂಡೆಗೆ ಕಲ್ಲು ಹೊದಿಸಲು) ಬಳಸಿಕೊಂಡಿದ್ದರೆ ಅದರ ಮೌಲ್ಯವನ್ನೂ ಕಡಿತ ಮಾಡುತ್ತಾರೆ. ಅದನ್ನು ಮೊದಲೇ ನಿಮ್ಮ ಲೆಕ್ಕದಲ್ಲಿ ತೋರಿಸುವುದು ಮೇಲು.

ಹೊಸ ಐಟಂನ ದರ ವಿಶ್ಲೇಷಣೆಯನ್ನು ನೀವೇ ತಯಾರಿಸಿ ಪತ್ರಕ್ಕೆ ಲಗತ್ತಿಸಿ. ಇಲಾಖೆಯ ದರಪಟ್ಟಿಯಲ್ಲಿ ಆ ಐಟಂ ಇದ್ದರೆ ಅದರ ಮೇಲೆ ಟೆಂಡರ್ ಪ್ರೀಮಿಯಂ ಅಥವಾ ರಿಯಾಯಿತಿ (ಅಂದಾಜು ದರಕ್ಕಿಂತ ನೀವು ಹೆಚ್ಚು ಅಥವಾ ಕಡಿಮೆ ಹಾಕಿದ ಶೇಕಡಾವಾರು) ಅನ್ವಯಿಸುತ್ತದೆಯೇ ಎಂಬುದನ್ನು ಒಪ್ಪಂದದಲ್ಲಿ ಹುಡುಕಿ. ಇರುವ ಐಟಂನ ಪರಿಮಾಣವೇ ಹೆಚ್ಚಾಗಿದ್ದರೆ, ಹಲವು ದಾಖಲೆಗಳಲ್ಲಿ ಒಂದು ಶೇಕಡಾವಾರು ಮಿತಿ ಇರುತ್ತದೆ, ಅದನ್ನು ದಾಟಿದ ಭಾಗಕ್ಕೆ ಮಾತ್ರ ಹೊಸ ದರ ಕೇಳಲು ಬರುತ್ತದೆ.

ಗುತ್ತಿಗೆದಾರ, ಮದ್ದೂರು

ಮೇಲಿನ ಇಬ್ಬರೂ ಹೇಳಿದ್ದು ಸರಿ. ಆದರೆ ನಮ್ಮ ಕಡೆಯ ಕಷ್ಟವನ್ನೂ ಇಲ್ಲಿ ದಾಖಲಿಸಬೇಕು. ಈ ತಿಂಗಳ ಆರ್‌ಎ ಬಿಲ್ (ಕೆಲಸ ನಡೆಯುತ್ತಿರುವಾಗಲೇ ಆಗುವ ಭಾಗಶಃ ಬಿಲ್) ಅಳತೆಯಾಗಿ ಎಂಬಿ (ಅಳತೆ ಪುಸ್ತಕ) ಬರೆಯಬೇಕಾದವರು ಅದೇ ಎಇ. ಅವರಿಗೆ ವಾರಕ್ಕೊಂದು ಪತ್ರ ಕೊಟ್ಟರೆ ಬಿಲ್ ಮುಂದಕ್ಕೆ ಹೋಗುತ್ತದೆ ಎಂಬ ಭಯ ಸಣ್ಣ ಗುತ್ತಿಗೆದಾರನಿಗೆ ನಿಜವಾದದ್ದು. ಬಿಲ್ ಪಾಸಾದ ಮೇಲೂ ಎಲ್‌ಒಸಿ (ಹಣ ಬಿಡುಗಡೆಯ ಪತ್ರ) ಬರುವವರೆಗೆ ಕಾಯಬೇಕು, ಅಷ್ಟರಲ್ಲಿ ಸಿಮೆಂಟ್ ಅಂಗಡಿಯವರ ಬಾಕಿ, ಕೂಲಿಯವರ ವಾರದ ಬಟವಾಡೆ, ಬ್ಯಾಂಕ್ ಬಡ್ಡಿ ಯಾವುದೂ ಕಾಯುವುದಿಲ್ಲ. ಕಬ್ಬು ಅರೆಯುವ ಹಂಗಾಮು ಶುರುವಾದರೆ ಟ್ರ್ಯಾಕ್ಟರ್‌ಗಳೂ ಆಳುಗಳೂ ಆ ಕಡೆಗೆ ಹೋಗುತ್ತವೆ, ಅವರನ್ನು ಉಳಿಸಿಕೊಳ್ಳಲು ಹೆಚ್ಚು ಕೊಡಬೇಕು. ಇದೆಲ್ಲ ಕಾನೂನಿನ ಪುಸ್ತಕದಲ್ಲಿ ಕಾಣುವುದಿಲ್ಲ.

ನಾವು ಕಂಡುಕೊಂಡ ದಾರಿ ಇಷ್ಟು. ಕೆಲಸ ಆರಂಭವಾಗುವ ಮೊದಲ ಸಭೆಯಲ್ಲಿಯೇ ‘ಪ್ರತಿ ತಿಂಗಳ ಪ್ರಗತಿ ವರದಿಯ ಜೊತೆಗೆ ಅಡಚಣೆಗಳ ಪಟ್ಟಿ ಕೊಡುತ್ತೇವೆ’ ಎಂದು ಹೇಳಿ, ಅದನ್ನು ಸಭಾ ನಡವಳಿಯಲ್ಲಿ ಸೇರಿಸುತ್ತೇವೆ. ಆಮೇಲೆ ಪಟ್ಟಿ ಕೊಡುವುದು ಮಾಮೂಲಿ ಕೆಲಸವಾಗುತ್ತದೆ, ಯಾರಿಗೂ ತಮ್ಮ ಮೇಲೆ ಎತ್ತಿದ ಬೆರಳು ಎನಿಸುವುದಿಲ್ಲ. ಅಡಚಣೆ ಇಲ್ಲದ ತಿಂಗಳಲ್ಲಿ ‘ಇಲ್ಲ’ ಎಂದೇ ಬರೆಯುತ್ತೇವೆ. ಸೈಟ್‌ಗೆ ಬಂದ ಮೇಲಧಿಕಾರಿಗಳು ಬಾಯಿಮಾತಿನಲ್ಲಿ ಬದಲಾವಣೆ ಹೇಳಿದರೆ, ಸಂಜೆಯೊಳಗೆ ‘ತಾವು ಇಂದು ಸ್ಥಳದಲ್ಲಿ ನೀಡಿದ ಸೂಚನೆಯಂತೆ’ ಎಂದು ಆರಂಭಿಸಿ ಎರಡು ಸಾಲಿನ ಪತ್ರ ಕಳುಹಿಸುತ್ತೇವೆ.

ನಿಜವಾದ ಅಪಾಯ ನಿರ್ವಹಣೆ ಟೆಂಡರ್ ಹಾಕುವ ಮೊದಲು ಆಗಬೇಕು ಎಂಬುದು ನನ್ನ ಅಭಿಪ್ರಾಯ. ನಾಲೆಯ ಉದ್ದಕ್ಕೂ ನಡೆದು ನೋಡಿ, ನೀರುಗಂಟಿಯನ್ನು ಕೇಳಿದರೆ ಎಲ್ಲಿ ಬಂಡೆ, ಎಲ್ಲಿ ಊಟೆ, ಯಾವ ತೂಬಿನ ಬಳಿ ರೈತರ ತಕರಾರು ಇದೆ ಎಂಬುದನ್ನು ಅವನೇ ಹೇಳುತ್ತಾನೆ. ಅದನ್ನು ಪ್ರೀ-ಬಿಡ್ ಸಭೆಯಲ್ಲಿ ಲಿಖಿತವಾಗಿ ಕೇಳಬೇಕು. ಶೇಕಡಾ 20ಕ್ಕೂ ಮೀರಿ ಕಡಿಮೆ ದರ ಹಾಕಿ ಕೆಲಸ ಹಿಡಿದು, ನಂತರ ಕ್ಲೇಮಿನಿಂದ ಸರಿದೂಗಿಸುತ್ತೇನೆ ಎನ್ನುವವರು ತಾವೂ ಮುಳುಗಿ, ನ್ಯಾಯವಾಗಿ ಕೇಳುವವರ ಮೇಲೂ ಅನುಮಾನ ತರುತ್ತಾರೆ.

ವಕೀಲರು, ಮೈಸೂರು

ಚರ್ಚೆ ಸರಿಯಾದ ದಾರಿಯಲ್ಲಿದೆ. ಕಾನೂನಿನ ಕಡೆಯಿಂದ ಕೆಲವು ಅಂಶಗಳನ್ನು ವಿವರಿಸುತ್ತೇನೆ. ಒಪ್ಪಂದದ ಷರತ್ತುಗಳನ್ನು ಓದದೆ ಯಾರೂ ಖಚಿತ ಸಲಹೆ ಕೊಡಲಾಗದು ಎಂಬುದು ಗಮನದಲ್ಲಿರಲಿ.

ಭಾರತೀಯ ಕರಾರು ಅಧಿನಿಯಮ, 1872ರ 55ನೇ ಪ್ರಕರಣವನ್ನು (ಸೆಕ್ಷನ್) ಗುತ್ತಿಗೆದಾರರೂ ಇಲಾಖೆಯವರೂ ಓದಬೇಕು. ಸಮಯಕ್ಕೆ ಸರಿಯಾಗಿ ಆಗಬೇಕಿದ್ದ ಕೆಲಸ ತಡವಾಗಿ ಆದಾಗ, ಅದನ್ನು ಒಪ್ಪಿಕೊಳ್ಳುವವನು ಒಪ್ಪಿಕೊಳ್ಳುವ ಸಮಯದಲ್ಲಿಯೇ ‘ನಷ್ಟ ಪರಿಹಾರ ಕೇಳುತ್ತೇನೆ’ ಎಂದು ನೋಟಿಸು ಕೊಡದಿದ್ದರೆ, ಆ ತಡಕ್ಕೆ ಪರಿಹಾರ ಕೇಳುವ ಹಕ್ಕು ಹೋಗುತ್ತದೆ. ಸ್ಥಳವನ್ನು ಒಪ್ಪಿಸುವುದು ಇಲಾಖೆಯ ಬಾಧ್ಯತೆ. ತಡವಾಗಿ ಒಪ್ಪಿಸಿದ ಸ್ಥಳವನ್ನು ಏನೂ ಬರೆಯದೆ ಸ್ವೀಕರಿಸಿ ಕೆಲಸ ಮುಂದುವರಿಸಿದರೆ, ನಾಳೆ ನಿಮ್ಮ ವಿರುದ್ಧ ಬರುವ ಮೊದಲ ವಾದ ಇದೇ. ಅದೇ ಪ್ರಕರಣ ಇಲಾಖೆಗೂ ಅನ್ವಯಿಸುತ್ತದೆ, ದಂಡದ ಹಕ್ಕನ್ನು ಕಾಯ್ದಿರಿಸದೆ ಅವಧಿ ವಿಸ್ತರಿಸಿ, ನಂತರ ದಂಡ ಹಾಕಹೊರಟರೆ ತೊಡಕಾಗುತ್ತದೆ.

ಕಾಲಾವಧಿ ವಿಸ್ತರಣೆಯ ಅರ್ಜಿಯೇ ಅನೇಕರಿಗೆ ಬಲೆಯಾಗುತ್ತದೆ. ವಿಸ್ತರಣೆ ಪಡೆದರೆ ಪರಿಹಾರ ಕೇಳುವಂತಿಲ್ಲ ಎಂಬ ಷರತ್ತು ಹಲವು ಒಪ್ಪಂದಗಳಲ್ಲಿ ಇದೆ. ರಾಮನಾಥ್ ಇಂಟರ್‌ನ್ಯಾಷನಲ್ ಪ್ರಕರಣದಲ್ಲಿ (2007) ಸುಪ್ರೀಂ ಕೋರ್ಟ್ ಅಂತಹ ಷರತ್ತನ್ನು ಎತ್ತಿಹಿಡಿಯಿತು. ಏಷ್ಯನ್ ಟೆಕ್ಸ್ ಪ್ರಕರಣದಲ್ಲಿ (2009) ಅಂತಹ ಷರತ್ತು ಇಲಾಖೆ ಹಣ ಪಾವತಿಸುವುದನ್ನು ತಡೆಯುತ್ತದೆಯೇ ಹೊರತು ಮಧ್ಯಸ್ಥಗಾರರು ಪರಿಹಾರ ಕೊಡುವುದನ್ನು ತಡೆಯದು ಎಂದಿತು. ಕೆ.ಎನ್. ಸತ್ಯಪಾಲನ್ ಪ್ರಕರಣದಲ್ಲಿ (2007) ಸರ್ಕಾರ ತನ್ನ ಬಾಧ್ಯತೆ ಪೂರೈಸದ ಕಾರಣ ಗುತ್ತಿಗೆದಾರನಿಗೆ ಬೆಲೆ ಏರಿಕೆಯ ಹೊರೆ ಬಿದ್ದಾಗ, ಒಪ್ಪಂದದಲ್ಲಿ ಏರಿಕೆಯ ಷರತ್ತು ಇಲ್ಲದಿದ್ದರೂ ಪರಿಹಾರ ಸಿಕ್ಕಿತು. ಅಂದರೆ ತೀರ್ಪುಗಳು ಎರಡೂ ಕಡೆಗೆ ಇವೆ. ಯಾವುದು ನಿಮಗೆ ಒದಗುತ್ತದೆ ಎಂಬುದು ನಿಮ್ಮ ಷರತ್ತಿನ ಪದಗಳ ಮೇಲೂ ಪತ್ರಗಳ ಮೇಲೂ ನಿಂತಿದೆ.

ದಂಡದ ಬಗ್ಗೆ ನಮ್ಮ ರಾಜ್ಯದ್ದೇ ಒಂದು ಮುಖ್ಯ ತೀರ್ಪಿದೆ. ಕರ್ನಾಟಕ ಸರ್ಕಾರ ಮತ್ತು ತೀರ್ಥಹಳ್ಳಿಯ ಶ್ರೀ ರಾಮೇಶ್ವರ ರೈಸ್ ಮಿಲ್ಸ್ ನಡುವಿನ ಪ್ರಕರಣದಲ್ಲಿ (1987), ಒಪ್ಪಂದ ಉಲ್ಲಂಘನೆಯಾಗಿದೆಯೇ ಎಂಬುದೇ ವಿವಾದದಲ್ಲಿರುವಾಗ ಒಪ್ಪಂದದ ಒಂದು ಪಕ್ಷವೇ ಅದನ್ನು ತೀರ್ಮಾನಿಸಿ ನಷ್ಟವನ್ನು ವಸೂಲು ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಹಾಗಾಗಿ ದಂಡದ ನೋಟಿಸು ಬಂದರೆ ಸುಮ್ಮನಿರಬೇಡಿ. ಯಾವ ತಡ ಯಾರಿಂದ ಎಂಬುದನ್ನು ದಾಖಲೆ ಸಹಿತ ಉತ್ತರಿಸಿ, ವಿವಾದವಿದೆ ಎಂಬುದನ್ನು ಕಡತಕ್ಕೆ ತನ್ನಿ.

ವಿಶ್ವಬ್ಯಾಂಕ್ ಅಥವಾ ಎಡಿಬಿ (ಏಷ್ಯನ್ ಅಭಿವೃದ್ಧಿ ಬ್ಯಾಂಕ್) ಸಾಲದ ಯೋಜನೆಯಾಗಿದ್ದರೆ ಫಿಡಿಕ್ (ಸಲಹಾ ಇಂಜಿನಿಯರ್‌ಗಳ ಅಂತರರಾಷ್ಟ್ರೀಯ ಒಕ್ಕೂಟ) ಮಾದರಿಯ ಷರತ್ತುಗಳು ಬರಬಹುದು. 1999ರ ಆವೃತ್ತಿಯಲ್ಲಿ ಘಟನೆ ತಿಳಿದ 28 ದಿನಗಳೊಳಗೆ ನೋಟಿಸು, 42 ದಿನಗಳೊಳಗೆ ಪೂರ್ಣ ವಿವರ ಕೊಡಬೇಕು. 2017ರ ಆವೃತ್ತಿಯಲ್ಲಿ ನೋಟಿಸಿಗೆ ಅದೇ 28 ದಿನ, ವಿವರಕ್ಕೆ 84 ದಿನ. ನಮ್ಮ ಕರಾರು ಅಧಿನಿಯಮದ 28ನೇ ಪ್ರಕರಣ, ನಿಗದಿತ ಅವಧಿ ಮುಗಿದ ಕೂಡಲೇ ಹಕ್ಕನ್ನೇ ನಂದಿಸುವ ಷರತ್ತನ್ನು ಅನೂರ್ಜಿತ ಎನ್ನುತ್ತದೆ, ಆದ್ದರಿಂದ ಇಂತಹ ಗಡುವುಗಳ ಸಿಂಧುತ್ವದ ಬಗ್ಗೆ ವಾದ ಮಾಡಲು ಅವಕಾಶವಿದೆ. ಆದರೆ ಅದು ಗಡುವು ತಪ್ಪಿದ ಮೇಲೆ ವಕೀಲರು ಹೂಡುವ ವಾದ. ಅದನ್ನು ನಂಬಿ ಗಡುವು ತಪ್ಪಿಸಬಾರದು.

ಕೊನೆಯದಾಗಿ, ವಿವಾದ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಈಗಲೇ ನೋಡಿಕೊಳ್ಳಿ. ಲಿಖಿತ ಮಧ್ಯಸ್ಥಿಕೆ ಷರತ್ತು ಇಲ್ಲದಿದ್ದರೆ ದಾರಿ ನ್ಯಾಯಾಲಯವೇ. ಸರ್ಕಾರದ ವಿರುದ್ಧ ದಾವೆಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಪ್ರಕರಣದಂತೆ ಎರಡು ತಿಂಗಳ ನೋಟಿಸು ಬೇಕು. ವಾಣಿಜ್ಯ ನ್ಯಾಯಾಲಯಗಳ ಅಧಿನಿಯಮದ ವ್ಯಾಪ್ತಿಗೆ ಬಂದರೆ, ತುರ್ತು ಪರಿಹಾರ ಕೇಳದ ದಾವೆಗಳಿಗೆ ಪೂರ್ವ ಸಂಧಾನ ಕಡ್ಡಾಯ. ಕಾಲಮಿತಿ ಸಾಮಾನ್ಯವಾಗಿ ಮೂರು ವರ್ಷ. ಮಾಡಿದ ಕೆಲಸದ ಬೆಲೆಗೆ ಪಾವತಿಯ ದಿನ ಗೊತ್ತುಪಡಿಸಿರದಿದ್ದರೆ ಕೆಲಸ ಮಾಡಿದ ದಿನದಿಂದಲೇ ಅದು ಓಡತೊಡಗುತ್ತದೆ. ‘ಪರಿಶೀಲನೆಯಲ್ಲಿದೆ’ ಎಂಬ ಬಾಯಿಮಾತಿನ ಉತ್ತರ ಅದನ್ನು ನಿಲ್ಲಿಸುವುದಿಲ್ಲ.

ಸೈಟ್ ಇಂಜಿನಿಯರ್, ಮಂಡ್ಯ

ಎಲ್ಲರಿಗೂ ಧನ್ಯವಾದಗಳು. ಜಲ್ಲಿಯ ವಿಷಯ ಉಳಿಯಿತು. ನಮ್ಮ ಕ್ವಾರಿ ಕೃಷ್ಣರಾಜಸಾಗರದ ಸುತ್ತಲಿನ ನಿರ್ಬಂಧಿತ ವ್ಯಾಪ್ತಿಯಲ್ಲಿತ್ತು. ನ್ಯಾಯಾಲಯದ ಆದೇಶದಿಂದಲೇ ನಿಂತಿದ್ದರಿಂದ ಇದನ್ನು ಕಾನೂನಿನ ಬದಲಾವಣೆ ಎಂದು ಕೇಳಬಹುದೇ?

ನಿವೃತ್ತ ಕಾರ್ಯಪಾಲಕ ಇಂಜಿನಿಯರ್, ಮೈಸೂರು

ಮೊದಲು ನೋಡಬೇಕಾದದ್ದು ದಿನಾಂಕ. ಅಣೆಕಟ್ಟೆಯ ಸುರಕ್ಷತೆಯ ಹಿನ್ನೆಲೆಯಲ್ಲಿ ಸುತ್ತಲಿನ 20 ಕಿ.ಮೀ. ವ್ಯಾಪ್ತಿಯ ಗಣಿಗಾರಿಕೆಗೆ ಹೈಕೋರ್ಟ್ ತಡೆ ನೀಡಿದ್ದು 2024ರ ಜನವರಿಯಲ್ಲಿ. ನೀವು ಬಿಡ್ ಸಲ್ಲಿಸಿದ್ದು ಅದರ ನಂತರವಾದರೆ ಕ್ಲೇಮು ನಿಲ್ಲುವುದಿಲ್ಲ. ಗೊತ್ತಿದ್ದ ಅಪಾಯಕ್ಕೆ ದರ ಹಾಕಿದ್ದೀರಿ ಎಂದೇ ಎಲ್ಲರೂ ಓದುತ್ತಾರೆ. ಅಣೆಕಟ್ಟೆಯ ಸಮೀಪದ ಬೇಬಿ ಬೆಟ್ಟದ ಗಣಿಗಾರಿಕೆಯ ವಿಷಯವಂತೂ ಅದಕ್ಕೂ ಬಹಳ ಮುಂಚಿನಿಂದ ಪತ್ರಿಕೆಗಳಲ್ಲಿ ಬರುತ್ತಲೇ ಇತ್ತು, ಅದನ್ನೂ ನಿಮ್ಮ ವಿರುದ್ಧ ಎತ್ತುತ್ತಾರೆ.

ಬಿಡ್ ಅದಕ್ಕೂ ಮೊದಲಿನದಾದರೂ ದಾರಿ ಸುಲಭವಿಲ್ಲ. ‘ದರವು ಎಲ್ಲ ಲೀಡ್ ಮತ್ತು ಲಿಫ್ಟ್‌ಗಳನ್ನು ಒಳಗೊಂಡಿದೆ’ ಎಂಬ ಸಾಲು ನಮ್ಮ ಬಹುತೇಕ ಐಟಂಗಳ ವಿವರಣೆಯಲ್ಲಿ ಇರುತ್ತದೆ. ಲೀಡ್ ಎಂದರೆ ಸಾಮಗ್ರಿ ಸಾಗಿಸುವ ದೂರ, ಲಿಫ್ಟ್ ಎಂದರೆ ಮೇಲೆತ್ತುವ ಎತ್ತರ. ಆ ಸಾಲಿನ ಅರ್ಥ ಸಾಮಗ್ರಿಯ ಮೂಲ ಎಲ್ಲಿಯದು ಎಂಬುದು ಗುತ್ತಿಗೆದಾರನ ಹೊಣೆ. ಟೆಂಡರ್ ದಾಖಲೆಯಲ್ಲಿಯೇ ಲೀಡ್ ಚಾರ್ಟ್ ಲಗತ್ತಿಸಿ ಇಂತಹ ಕ್ವಾರಿಯಿಂದ ತರಬೇಕು ಎಂದು ಇಲಾಖೆ ಕಡ್ಡಾಯ ಮಾಡಿದ್ದರೆ ಮಾತ್ರ ನಿಮ್ಮ ವಾದಕ್ಕೆ ಬಲ ಬರುತ್ತದೆ. ಅಂದಾಜು ತಯಾರಿಕೆಗಾಗಿ ಬಳಸಿದ ಲೀಡ್ ಚಾರ್ಟ್ ಬೇರೆ, ಒಪ್ಪಂದದ ಭಾಗವಾದ ಲೀಡ್ ಚಾರ್ಟ್ ಬೇರೆ. ಇದನ್ನು ಮೊದಲು ಖಚಿತಪಡಿಸಿಕೊಳ್ಳಿ.

ವಕೀಲರು, ಮೈಸೂರು

ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ವೆಚ್ಚ ಹೆಚ್ಚಾಯಿತು ಎಂಬ ಮಾತ್ರಕ್ಕೆ ಒಪ್ಪಂದ ಅಸಾಧ್ಯವಾಯಿತೆಂದು ಕರಾರು ಅಧಿನಿಯಮದ 56ನೇ ಪ್ರಕರಣದಡಿ ಬಿಡುಗಡೆ ಕೇಳುವಂತಿಲ್ಲ ಎಂಬುದು ಅಲೋಪಿ ಪ್ರಸಾದ್ ಪ್ರಕರಣದಿಂದ (1960) ಇತ್ತೀಚಿನವರೆಗೂ ಸುಪ್ರೀಂ ಕೋರ್ಟಿನ ಸ್ಥಿರ ನಿಲುವು. ಆದರೆ ಹಣ ಸಿಗದಿದ್ದರೂ ಸಮಯ ಸಿಗಬಹುದು. ಹೊಸ ಮೂಲದ ಜಲ್ಲಿಯ ಪರೀಕ್ಷೆ, ಮಿಕ್ಸ್ ಡಿಸೈನ್ (ಕಾಂಕ್ರೀಟ್ ಮಿಶ್ರಣದ ಪ್ರಮಾಣ) ಅನುಮೋದನೆಗಳಿಗೆ ಹಿಡಿದ ದಿನಗಳನ್ನು ವಿಸ್ತರಣೆಯ ಅರ್ಜಿಯಲ್ಲಿ ಕಾರಣವಾಗಿ ತೋರಿಸಿ. ದಂಡ ತಪ್ಪಿದರೂ ಅದು ಲಾಭವೇ. ಬೆಲೆ ಹೊಂದಾಣಿಕೆಯ ಸೂತ್ರ ಒಪ್ಪಂದದಲ್ಲಿದ್ದರೆ ಅದರ ಪ್ರಕಾರ ಬರಬೇಕಾದದ್ದನ್ನು ಪ್ರತ್ಯೇಕವಾಗಿ ಕೇಳಿ, ಜಲ್ಲಿಯ ಕ್ಲೇಮಿನೊಂದಿಗೆ ಬೆರೆಸಬೇಡಿ.

ಯೋಜನಾ ಇಂಜಿನಿಯರ್, ಮೈಸೂರು

ತಡದ ಹಣವನ್ನು ಲೆಕ್ಕ ಹಾಕುವ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಕಡೆಯ ತಡವನ್ನು ಪ್ರಾಮಾಣಿಕವಾಗಿ ಬೇರ್ಪಡಿಸಿ. ಕಂಬಗಳು ತೆರವಾಗದೆ ನಿಂತಿದ್ದ ಅದೇ ವಾರಗಳಲ್ಲಿ ನಿಮ್ಮ ಲೈನಿಂಗ್ ಯಂತ್ರವೂ ಬಂದಿರಲಿಲ್ಲವೆಂದಾದರೆ, ಅದು ಏಕಕಾಲದ ತಡ. ಇಂಗ್ಲೆಂಡಿನ ನಿರ್ಮಾಣ ಕಾನೂನು ಸಂಘದ ತಡ ಮತ್ತು ಅಡಚಣೆ ಕುರಿತ ಮಾರ್ಗಸೂಚಿ (2017) ಒಪ್ಪಂದದ ಭಾಗವಲ್ಲದಿದ್ದರೂ ಮಧ್ಯಸ್ಥಗಾರರು ಅದನ್ನು ನೋಡುತ್ತಾರೆ. ಅದರ ಪ್ರಕಾರ ಇಂತಹ ಸಂದರ್ಭದಲ್ಲಿ ಸಮಯದ ವಿಸ್ತರಣೆ ಸಿಗುತ್ತದೆ, ಆದರೆ ಆ ಅವಧಿಯ ಹೆಚ್ಚುವರಿ ವೆಚ್ಚವನ್ನು ನಿಮ್ಮದೇ ತಡದಿಂದ ಬೇರ್ಪಡಿಸಿ ತೋರಿಸಲಾಗದಿದ್ದರೆ ಹಣ ಸಿಗುವುದಿಲ್ಲ. ಯಂತ್ರ ಬಂದ ದಿನದ ಇ-ವೇ ಬಿಲ್ ಯಾರ ಕೈಗಾದರೂ ಸಿಗುತ್ತದೆ, ಆದ್ದರಿಂದ ಬಚ್ಚಿಟ್ಟು ಪ್ರಯೋಜನವಿಲ್ಲ.

ಎರಡನೆಯದು ಸೂತ್ರದ ವಿಷಯ. ಕೇಂದ್ರ ಕಚೇರಿಯ ವೆಚ್ಚ ಮತ್ತು ಲಾಭದ ನಷ್ಟಕ್ಕೆ ಹಡ್ಸನ್ ಸೂತ್ರವನ್ನು ಎಲ್ಲರೂ ಹಾಕುತ್ತಾರೆ. ಉದಾಹರಣೆಗೆ ಒಪ್ಪಂದದ ಮೊತ್ತ 12 ಕೋಟಿ ರೂಪಾಯಿ, ಕಚೇರಿ ವೆಚ್ಚ ಮತ್ತು ಲಾಭ ಸೇರಿ ಶೇಕಡಾ 10, ಅವಧಿ 11 ತಿಂಗಳು, ತಡ 4 ತಿಂಗಳು ಎಂದಿಟ್ಟುಕೊಂಡರೆ, 1.20 ಕೋಟಿಯನ್ನು 11ರಿಂದ ಭಾಗಿಸಿ 4ರಿಂದ ಗುಣಿಸಿದಾಗ ಸುಮಾರು 43.64 ಲಕ್ಷ ರೂಪಾಯಿ ಬರುತ್ತದೆ. ಕಾಗದದ ಮೇಲೆ ಇದು ಸುಂದರ. ಆದರೆ ಒಪ್ಪಂದದ ಮೊತ್ತದಲ್ಲಿಯೇ ಲಾಭ ಸೇರಿರುವುದರಿಂದ ಸೂತ್ರ ಲಾಭದ ಮೇಲೆ ಲಾಭ ಹಾಕುತ್ತದೆ. ಮೆಕ್‌ಡರ್ಮಾಟ್ ಪ್ರಕರಣದಲ್ಲಿ (2006) ಸುಪ್ರೀಂ ಕೋರ್ಟ್ ಇಂತಹ ಸೂತ್ರಗಳ ಬಳಕೆಯನ್ನು ಒಪ್ಪಿದ್ದು ನಿಜ, ಆದರೆ ಯೂನಿಬ್ರೋಸ್ ಪ್ರಕರಣದಲ್ಲಿ (2023) ತಡವಾಯಿತೆಂಬ ಮಾತ್ರಕ್ಕೆ ಲಾಭದ ನಷ್ಟ ಸಿಗದು, ಆ ತಡದಿಂದ ಬೇರೆ ಕೆಲಸ ಕೈತಪ್ಪಿತು ಎಂಬುದಕ್ಕೆ ನಂಬಲರ್ಹ ಪುರಾವೆ ಬೇಕು ಎಂದಿದೆ. ಇನ್ನೊಂದು ಟೆಂಡರಿಗೆ ಯಂತ್ರಗಳು ಖಾಲಿ ಇಲ್ಲವೆಂದು ನೀವು ಹಿಂದೆ ಸರಿದಿದ್ದರೆ ಆ ಪತ್ರವನ್ನು ಇಂದೇ ಕಡತದಲ್ಲಿ ಇಡಿ.

ಸೈಟ್ ವೆಚ್ಚ ಇದಕ್ಕಿಂತ ಗಟ್ಟಿ. ಕ್ಯಾಂಪ್‌ನ ಬಾಡಿಗೆ, ಕಾವಲುಗಾರರು, ಇಂಜಿನಿಯರ್‌ಗಳ ಸಂಬಳ, ಬ್ಯಾಂಕ್ ಗ್ಯಾರಂಟಿ ಮುಂದುವರಿಸಿದ ಕಮಿಷನ್, ವಿಮೆಯ ವಿಸ್ತರಣೆ, ನಿಂತ ಯಂತ್ರಗಳ ಮಾಲೀಕತ್ವದ ವೆಚ್ಚ ಇವೆಲ್ಲಕ್ಕೂ ರಸೀದಿ ಇರುತ್ತದೆ. ನಿಂತ ಹಿಟಾಚಿಗೆ ಓಡುವ ಹಿಟಾಚಿಯ ಬಾಡಿಗೆ ದರ ಹಾಕಬೇಡಿ. ಡೀಸೆಲ್ ಉರಿದಿಲ್ಲ, ಸವೆತವೂ ಕಡಿಮೆ. ದೊಡ್ಡ ಮೊತ್ತ ಕೇಳಿ ಚೌಕಾಸಿಯಲ್ಲಿ ಇಳಿಸೋಣ ಎನ್ನುವ ಲೆಕ್ಕಾಚಾರ ಕ್ಲೇಮಿನಲ್ಲಿ ನಡೆಯುವುದಿಲ್ಲ. ಒಂದು ಐಟಂ ಉಬ್ಬಿಸಿದ್ದು ಗೊತ್ತಾದರೆ ಉಳಿದ ಹತ್ತನ್ನೂ ಅದೇ ಕಣ್ಣಿನಿಂದ ನೋಡುತ್ತಾರೆ.

ಉಪಗುತ್ತಿಗೆದಾರ, ಶ್ರೀರಂಗಪಟ್ಟಣ

ನಮ್ಮಂತಹ ಉಪಗುತ್ತಿಗೆದಾರರ ಸ್ಥಿತಿ ಏನು? ಮುಖ್ಯ ಗುತ್ತಿಗೆದಾರರಿಗೆ ಹಣ ಬಂದರೆ ಮಾತ್ರ ನಮಗೆ ಎಂದು ಬರೆದಿರುತ್ತದೆ. ತೂಬಿನ ಕೆಲಸಕ್ಕೆ ಆಳುಗಳನ್ನು ಕರೆತಂದು ಸ್ಥಳ ಸಿಗದೆ ಕೂತಿದ್ದೇವೆ.

ಬಿಲ್ಲಿಂಗ್ ವಿಭಾಗ, ಮೈಸೂರು

ನಿಮ್ಮ ನೋಟಿಸು ಮುಖ್ಯ ಗುತ್ತಿಗೆದಾರರಿಗೆ, ಅವರು ಇಲಾಖೆಗೆ ಕೊಡಬೇಕಾದ ಗಡುವಿಗಿಂತ ಮೊದಲೇ ತಲುಪಬೇಕು. ಆಗ ಅವರು ನಿಮ್ಮ ನಷ್ಟವನ್ನೂ ತಮ್ಮ ಕ್ಲೇಮಿನಲ್ಲಿ ಸೇರಿಸಲು ಸಾಧ್ಯ. ಹಾಜರಿ ಪುಸ್ತಕದ ಪ್ರತಿಯನ್ನು ವಾರಕ್ಕೊಮ್ಮೆ ಅವರ ಸೈಟ್ ಕಚೇರಿಗೆ ಕೊಟ್ಟು ಸಹಿ ಪಡೆಯಿರಿ. ಇಲಾಖೆಗೆ ನೇರವಾಗಿ ಬರೆಯಬೇಡಿ, ನಿಮ್ಮ ನಡುವೆ ಒಪ್ಪಂದವಿಲ್ಲ.

ಸೈಟ್ ಇಂಜಿನಿಯರ್, ಮಂಡ್ಯ

ಮಾಲೀಕರೊಂದಿಗೆ ಕುಳಿತು ಮಾತನಾಡಿದೆ. ಬಿಡ್ ಸಲ್ಲಿಸಿದ್ದು ನ್ಯಾಯಾಲಯದ ತಡೆಯ ನಂತರವಾದ್ದರಿಂದ ಜಲ್ಲಿಯ ಹಣ ಕೇಳುವುದಿಲ್ಲ. ಬಂಡೆಗೆ ನಾಳೆ ಜಂಟಿ ಲೆವೆಲ್ ತೆಗೆಯಲು ಎಇ ಒಪ್ಪಿದ್ದಾರೆ, ಅದುವರೆಗೆ ಆ ಭಾಗದಲ್ಲಿ ಬ್ರೇಕರ್ ನಿಲ್ಲಿಸಿದ್ದೇವೆ. ಕಾಲಾವಧಿ ವಿಸ್ತರಣೆಯ ಅರ್ಜಿಯ ಕರಡು ಹೀಗಿದೆ, ದಯವಿಟ್ಟು ತಿದ್ದಿ:

‘ವಿದ್ಯುತ್ ಕಂಬ ಹಾಗೂ ಮರಗಳ ತೆರವಿನಲ್ಲಿ ಉಂಟಾದ ವಿಳಂಬದಿಂದ ಹಾಗೂ ಅನಿವಾರ್ಯ ಕಾರಣಗಳಿಂದ ಕಾಮಗಾರಿಯನ್ನು ನಿಗದಿತ ಅವಧಿಯಲ್ಲಿ ಪೂರ್ಣಗೊಳಿಸಲು ಸಾಧ್ಯವಾಗಿರುವುದಿಲ್ಲ. ಆದ್ದರಿಂದ ದಂಡವಿಲ್ಲದೆ ಮುಂದಿನ ನಾಲಾ ನಿಲುಗಡೆಯ ಅಂತ್ಯದವರೆಗೆ ಅವಧಿ ವಿಸ್ತರಿಸಿಕೊಡಬೇಕೆಂದು ಕೋರುತ್ತೇವೆ.’

ವಕೀಲರು, ಮೈಸೂರು

ಮೂರು ತಿದ್ದುಪಡಿ ಮಾಡಿ. ‘ಅನಿವಾರ್ಯ ಕಾರಣಗಳಿಂದ’ ಎಂಬುದನ್ನು ತೆಗೆದುಹಾಕಿ, ಅದನ್ನು ನಿಮ್ಮದೇ ತಡವೆಂದು ಓದಲು ಯಾರಿಗೂ ಅಡ್ಡಿಯಿಲ್ಲ. ಜಲ್ಲಿಯ ಮೂಲ ಬದಲಾಯಿಸಿದ್ದಕ್ಕೆ ಹಿಡಿದ ದಿನಗಳನ್ನು ಬೇರೆ ಪ್ಯಾರಾದಲ್ಲಿ, ಹಣದ ಕೋರಿಕೆಯಿಲ್ಲದೆ ಬರೆಯಿರಿ. ಕೊನೆಯಲ್ಲಿ, ಸ್ಥಳವನ್ನು ತಡವಾಗಿ ಸ್ವೀಕರಿಸಿ ಕೆಲಸ ಮುಂದುವರಿಸುತ್ತಿರುವುದು ಆ ವಿಳಂಬದಿಂದಾದ ಹೆಚ್ಚುವರಿ ವೆಚ್ಚವನ್ನು ಕೇಳುವ ಹಕ್ಕಿಗೆ ಬಾಧೆಯಿಲ್ಲದಂತೆ ಎಂಬ ವಾಕ್ಯವನ್ನು ಇದೇ ಅರ್ಜಿಯಲ್ಲಿ ಸೇರಿಸಿ. ಬೇರೆ ಪತ್ರದಲ್ಲಿ ಬರೆದರೆ ಅರ್ಜಿಗೆ ಮಂಜೂರಾತಿ ಸಿಕ್ಕಾಗ ಆ ಪತ್ರ ಕಡತದಲ್ಲಿ ಜೊತೆಗಿರುವುದಿಲ್ಲ. ಇಲಾಖೆ ಕೊಡುವ ಅಚ್ಚಾದ ನಮೂನೆಯಲ್ಲಿ ‘ಯಾವುದೇ ಪರಿಹಾರ ಕೇಳುವುದಿಲ್ಲ’ ಎಂಬ ಸಾಲಿದ್ದರೆ, ಸಹಿಗೆ ಮೊದಲು ಒಪ್ಪಂದದ ಪ್ರತಿಯೊಂದಿಗೆ ಬಂದು ನಿಮ್ಮ ವಕೀಲರಿಗೆ ತೋರಿಸಿ. ಅರ್ಜಿಯನ್ನು ಮೂಲ ಅವಧಿ ಮುಗಿಯುವ ಮೊದಲೇ ಟಪಾಲಿನಲ್ಲಿ ಕೊಡಿ.

ನಿವೃತ್ತ ಕಾರ್ಯಪಾಲಕ ಇಂಜಿನಿಯರ್, ಮೈಸೂರು

ಅರ್ಜಿಯ ಜೊತೆಗೆ ಅಡಚಣೆ ರಿಜಿಸ್ಟರ್‌ನ ಪ್ರತಿ, ಪರಿಷ್ಕೃತ ಕಾರ್ಯಯೋಜನೆ, ಕಂಬಗಳ ಭಾಗದ ದಿನಾಂಕ ಸಹಿತ ಫೋಟೋಗಳು ಇರಲಿ. ನಾಳೆ ಲೆವೆಲ್ ತೆಗೆಯುವಾಗ ಬೆಂಚ್ ಮಾರ್ಕನ್ನು ತೂಬಿನ ಹಳೆಯ ಕಲ್ಲಿನ ಮೇಲೆ ಇಡಬೇಡಿ, ಆ ತೂಬನ್ನು ನೀವೇ ಕೆಡವುತ್ತೀರಿ. ಸೇತುವೆಯ ಬಳಿ ಶಾಶ್ವತವಾಗಿ ಉಳಿಯುವ ಜಾಗ ನೋಡಿ.